ನಾನು ಓದದ ಹನ್ನೊಂದು ಪುಟ

ಶ್ರೀ ಆಂಜನೇಯ ಪ್ರಸನ್ನ

ಉಕ್ಕುನಗರ, ವಿಶಾಖಪಟ್ಟಣ
21-2-1994, ಸೋಮವಾರ

ಚಿ. ಸೌ. ಅನಸೂಯಾಗೆ ನಿನ್ನ ಅಮ್ಮ ಸೀತಾಲಕ್ಷ್ಮಿಯ ಆಶೀರ್ವಾದ. ಅಳಿಯಂದಿರಿಗೂ ಮಗು ಭವಾನಿಗೂ ಹಾಗೆಯೇ. ಇಲ್ಲಿ ಎಲ್ಲ ಕ್ಷೇಮ ಅಂತ ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ.

ನಿನ್ನ ಮೂರು ಕಾಗದಗಳೂ ಬಂದವು. ಯುಗಾದಿಯೊಳಗೆ ಈ ಕ್ವಾರ್ಟರ್ಸ್ ಬಿಡಬೇಕು ಅನ್ನುವುದನ್ನು ನಿನಗೆ ಯಾರು ಹೇಳಿದರೋ, ಪಕ್ಕದ ಮನೆಯ ರಾಜ್ಯಲಕ್ಷ್ಮಿಯೇ ಇರಬೇಕು. ಹೌದು, ಬಿಡಬೇಕು. ನಿಮ್ಮಪ್ಪ ಹೋಗಿ ಒಂದು ವರ್ಷ ಮೂರು ತಿಂಗಳಾಯಿತು. ಕಾರ್ಖಾನೆಯವರು ಇಷ್ಟು ದಿನ ಇರಗೊಟ್ಟಿದ್ದೇ ದೊಡ್ಡದು. ವಿಜಯವಾಡದ ಒನ್ ಟೌನಿನ ನಿಮ್ಮ ಮನೆಯ ಮಹಡಿ ಕೋಣೆಗೆ ಸುಣ್ಣ ಹೊಡೆಸಿದ್ದೀರಿ, ಕಿಟಕಿ ತೆಗೆದರೆ ಬೆಟ್ಟದ ಮೇಲಿನ ದುರ್ಗಮ್ಮನ ಗುಡಿ ಕಾಣುತ್ತದೆ, ಕೆಳಗಿನ ನಿಮ್ಮ ಪಾತ್ರೆ ಅಂಗಡಿಯ ಸದ್ದು ಅಷ್ಟಾಗಿ ಮೇಲಕ್ಕೆ ಬರುವುದಿಲ್ಲ ಅಂತೆಲ್ಲ ಬರೆದಿದ್ದೀ. ಯಾವತ್ತು ಬರುತ್ತೀ, ಅದೊಂದು ಬರಿ ಅಂತ ಮೂರರಲ್ಲೂ ಕೇಳಿದ್ದೀ. ಅದಕ್ಕೆ ಉತ್ತರ ಕೊನೆಯಲ್ಲಿದೆ. ಅದಕ್ಕೆ ಮುಂಚೆ ಹೇಳಬೇಕಾದದ್ದು ಬೇರೆ ಇದೆ. ಹಾರಿಸಿ ಓದಬೇಡ. ನಿನಗೆ ಆ ಚಾಳಿ ಉಂಟು.

ಹೊತ್ತು ಹೇಗೆ ಕಳೆಯುತ್ತೀ ಅಂತ ಕೇಳಿದ್ದೆಯಲ್ಲ, ಕಾದಂಬರಿ ಓದುತ್ತೇನೆ. ನಿನಗೆ ನಗು ಬರಬಹುದು, ಇಲ್ಲ ಸಿಟ್ಟು ಬರಬಹುದು. ಎರಡಕ್ಕೂ ನಿನಗೆ ಹಕ್ಕಿದೆ.

ಹೋದ ವರ್ಷ ಆಷಾಢದಲ್ಲಿ ಶುರುವಾಯಿತು. ವರ್ಷ ತುಂಬುವ ತನಕ ನಾನು ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಶುಕ್ರವಾರದ ಅರಿಶಿನ ಕುಂಕುಮಕ್ಕೆ ನನ್ನನ್ನು ಕರೆಯುವಂತಿಲ್ಲ, ಬಿಡುವುದಕ್ಕೆ ಅವರಿಗೆ ಮನಸ್ಸಿಲ್ಲ. ಅದಕ್ಕೆ ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಅವರೇ ನಮ್ಮ ಮನೆಗೆ ಬರತೊಡಗಿದರು. ರಾಜ್ಯಲಕ್ಷ್ಮಿ, ಧಾರವಾಡದ ಕಡೆಯ ಪಾರ್ವತಿ, ಹೊಸದಾಗಿ ಬಂದ ಇಂಜಿನಿಯರ ಹೆಂಡತಿ ಕಮಲಾಕ್ಷಿ, ಇಷ್ಟೇ ಜನ. ನಾನು ಪಾರಾಯಣದ ಪುಸ್ತಕ ಓದುವುದು, ಅವರು ಕೇಳುವುದು. ನನಗೆ ಸಮಾಧಾನವಾಗಲಿ ಅಂತ. ನಾಲ್ಕನೇ ಶನಿವಾರಕ್ಕೆ ಪಾರ್ವತಿ ಗೋಡೆಗೆ ಒರಗಿ ಗೊರಕೆ ಹೊಡೆದಳು. ಎಬ್ಬಿಸಿದರೆ, ಅಕ್ಕಾರ, ದೇವರ ಕಥಿ ಚಲೋನ ಅದ, ಆದ್ರ ಮುಂದ ಏನಾಗತದ ಅಂತ ನಮಗೆಲ್ಲಾ ಗೊತ್ತೇ ಅದಲ್ರೀ ಅಂದಳು.

ಮುಂದಿನ ವಾರ ಕಮಲಾಕ್ಷಿ ಒಂದು ಗೋಣಿಚೀಲ ತಂದಳು. ಅವಳ ತವರಿನಲ್ಲಿ ಬಾಡಿಗೆ ಲೈಬ್ರರಿಯೊಂದು ಮುಚ್ಚಿದಾಗ ಅವಳ ಅಣ್ಣ ಹೊತ್ತು ತಂದ ಕಾದಂಬರಿಗಳಂತೆ. ಮುಖಪುಟ ಕೆಲವಕ್ಕಿದೆ, ಕೆಲವಕ್ಕಿಲ್ಲ. ಇದ್ದವುಗಳನ್ನು ನೋಡಿದರೆ ಅಳುವ ಹುಡುಗಿ, ಕಾರಿಗೆ ಒರಗಿದ ಗಂಡಸು. ಪಾರ್ವತಿಯ ಯಜಮಾನರು ಮನೆಯಲ್ಲಿ ಇಂಥದು ಕಂಡರೆ ಹರಿದು ಹಾಕುತ್ತಾರಂತೆ. ಕಮಲಾಕ್ಷಿಗೆ ಅತ್ತೆಯ ಭಯ. ರಾಜ್ಯಲಕ್ಷ್ಮಿಯ ತಂದೆ ತೆಲುಗಿನವರು, ತಾಯಿ ಕನ್ನಡದವರು. ಅವಳು ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ಅವಳಿಗೆ ಯಾವುದಾದರೂ ಸರಿಯೇ. ಮೂವರೂ ಮಾತಾಡಿಕೊಂಡು ಬಂದಿದ್ದರು ಅಂತ ಕಾಣುತ್ತದೆ. ಪುಸ್ತಕ ನೀವೇ ಆರಿಸಬೇಕು ಅಕ್ಕಯ್ಯಾ, ಮೊದಲು ನೀವು ಓದಿ ಪರವಾಗಿಲ್ಲ ಅನ್ನಬೇಕು, ಸೀತಾಲಕ್ಷ್ಮಮ್ಮ ಆರಿಸಿದ್ದು ಅಂದರೆ ಈ ಸೆಕ್ಟರಿನಲ್ಲಿ ಯಾವ ಗಂಡಸೂ ಬಾಯಿ ತೆಗೆಯುವುದಿಲ್ಲ ಅಂದಳು ರಾಜ್ಯಲಕ್ಷ್ಮಿ. ನನ್ನ ಮಡಿ ಆಚಾರವನ್ನೆಲ್ಲ ಬಾಗಿಲಿಗೆ ಅಡ್ಡ ನಿಲ್ಲಿಸಿ, ಒಳಗೆ ಇವರು ಹಬ್ಬ ಮಾಡಬೇಕು ಅಂತ.

ನಾನು ಒಪ್ಪಿದೆ. ಯಾಕೆ ಅಂತ ಕೇಳಬೇಡ. ಬೇಡ ಅನ್ನುವುದಕ್ಕೂ ಒಂದು ಮನಸ್ಸು ಬೇಕು. ನಿಮ್ಮಪ್ಪ ಹೋದಾಗಿನಿಂದ ನನಗೆ ಅದು ಇಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚುತ್ತಾರಲ್ಲ, ಆಗ ಕೆನ್ನೆ ಮುಟ್ಟಿಕೊಂಡರೆ ಯಾರದೋ ಕೆನ್ನೆ ಅನ್ನಿಸುತ್ತದೆ. ನಾನು ಪೂರ್ತಿ ಹಾಗೆ ಆಗಿದ್ದೇನೆ. ಬೆಳಗ್ಗೆ ಏಳುತ್ತೇನೆ, ಸ್ನಾನ, ಜಪ. ಬೆರಳು ಎಣಿಸುತ್ತದೆ, ನೂರೆಂಟು ಆಗುತ್ತದೆ. ದೇವರು ಎದುರಿಗೆ ಇದ್ದಾನೆ ಅಂತ ಗೊತ್ತು, ಇಬ್ಬರೂ ಮಾತಾಡುವುದಿಲ್ಲ. ಕಾಫಿ ಆರಿದ್ದರೂ ಕುಡಿಯುತ್ತೇನೆ. ಇವತ್ತಿನವರೆಗೆ ಅತ್ತಿಲ್ಲ. ನೀನು ಬಂದ ದಿನ ನನ್ನನ್ನು ತಬ್ಬಿಕೊಂಡು ಅತ್ತೆಯಲ್ಲ, ಆಗ ನಾನು ನಿನ್ನ ಭುಜದ ಮೇಲಿಂದ ಗೋಡೆ ಗಡಿಯಾರ ನೋಡುತ್ತಿದ್ದೆ. ಅದಕ್ಕೆ ಕೀಲಿ ಕೊಟ್ಟಿರಲಿಲ್ಲ.

ಪುಸ್ತಕ ಆರಿಸುವುದು ಹೇಗೆ ಅಂತ ಕಮಲಾಕ್ಷಿಯೇ ಹೇಳಿಕೊಟ್ಟಳು. ಬಾಡಿಗೆ ಪುಸ್ತಕ ಮುಚ್ಚಿ ಅಂಚನ್ನು ನೋಡಬೇಕಂತೆ. ಎಲ್ಲಿ ಬೆರಳು ತಾಗಿ ಕರಿಯಾಗಿದೆಯೋ ಅಲ್ಲಿ ಸ್ವಾರಸ್ಯ. ಪೂರ್ತಿ ಬೆಳ್ಳಗಿದ್ದರೆ ಅದು ಉಪದೇಶದ ಪುಸ್ತಕ, ಚೀಲಕ್ಕೆ ವಾಪಸ್ಸು. ಒಳಗೆ ಪೆನ್ಸಿಲಿನಲ್ಲಿ ಹಿಂದಿನವರು ಬರೆದದ್ದೂ ಇರುತ್ತದೆ. ಪಾಪಿ, ನಿನ್ನ ಕೈ ಸೇದಿಹೋಗ ಅಂತ ಒಂದು ಕಡೆ. ಮುಂದಿನ ಪುಟವನ್ನು ಅತ್ತೆ ಮಲಗಿದ ಮೇಲೆ ಓದಿ ಅಂತ ಇನ್ನೊಂದು ಕಡೆ. ಯಾರೋ, ಯಾವ ಊರಿನವರೋ. ಅವರೆಲ್ಲರೂ ನಮ್ಮ ಜೊತೆ ಕೂತಿದ್ದಾರೆ ಅನ್ನಿಸುತ್ತಿತ್ತು.

ಕೊರಳಿಗೆ ತಾಳಿ ಬೀಳುವ ಮುಂಚೆ ಕೈ ಮುಟ್ಟುವ ಪುಸ್ತಕ ಬೇಡ ಅಂತ ನಾನು ಒಂದು ನಿಯಮ ಮಾಡಿದೆ. ಪಾರ್ವತಿ ಹಣೆ ಹಣೆ ಬಡಿದುಕೊಂಡು, ಹಂಗಾದ್ರ ಬರೀ ಲಗ್ನಪತ್ರಿಕಾ ಓದೋಣ ಬಿಡ್ರಿ ಅಂದಳು. ಕೊನೆಗೆ ಕೈ ಮುಟ್ಟಬಹುದು, ಮೊಣಕೈ ದಾಟಬಾರದು ಅಂತ ರಾಜಿಯಾಯಿತು. ದಾಟಿದರೆ ನಾನು ಓದುತ್ತಾ ಓದುತ್ತಾ ಎರಡು ಸಾಲು ಬಿಟ್ಟುಬಿಡುತ್ತಿದ್ದೆ. ಪಾರ್ವತಿಗೆ ತಕ್ಷಣ ತಿಳಿಯುತ್ತಿತ್ತು. ಅಕ್ಕಾರ, ಗಾಡಿ ಒಂದು ಸ್ಟೇಷನ್ ಬಿಟ್ಟು ಮುಂದ ಹೋತು ಅನ್ನುತ್ತಿದ್ದಳು.

ಆರಿಸಿದ ಪುಸ್ತಕಗಳಿಗೆ ತೆಲುಗು ಪೇಪರಿನ ಹೊದಿಕೆ ಹಾಕಿದ್ದೆವು. ಹೆಸರು ಕಾಣದು. ಅದಕ್ಕೆ ನಾವೇ ಹೆಸರಿಟ್ಟೆವು. ಕನ್ನಡಕದ ಡಾಕ್ಟರು, ಎರಡು ಜಡೆಯವಳು, ಎಸ್ಟೇಟಿನ ಹುಚ್ಚ. ನಾನು ಓದುವುದು ನಮ್ಮ ಅಪ್ಪ ಊರ ಗುಡಿಯಲ್ಲಿ ಪುರಾಣ ಓದುತ್ತಿದ್ದ ಕ್ರಮದಲ್ಲಿ. ನನಗೆ ಬರುವುದು ಅದೊಂದೇ. ಊರ ಶಾಲೆಯ ಏಳನೇ ಕ್ಲಾಸಿಗೆ ಓದು ಮುಗಿಯಿತು, ಮಿಕ್ಕದ್ದು ಅಪ್ಪ ಕಲಿಸಿದ್ದು. ಮೊದಲು ಗಣಪತಿಗೆ ಕೈ ಮುಗಿಯಬೇಕು. ಯಾರನ್ನೂ ಕಷ್ಟದಲ್ಲಿ ಬಿಟ್ಟು ಪುಸ್ತಕ ಮುಚ್ಚಬಾರದು. ಕಾಡಿಗೆ ಕಳಿಸಿದ ದಿನ ನಿಲ್ಲಿಸಬಾರದು, ನೆರಳೋ ನೀರೋ ಸಿಗುವ ತನಕ ಓದಬೇಕು. ಸಾವಿನಲ್ಲಂತೂ ಮಂಗಳ ಹಾಡುವ ಹಾಗೇ ಇಲ್ಲ. ಎಸ್ಟೇಟಿನ ಹುಚ್ಚ ಆ ಹುಡುಗಿಯನ್ನು ಗೋದಾಮಿನಲ್ಲಿ ಕಟ್ಟಿಹಾಕಿದ ಶನಿವಾರ ಐದೂವರೆಯಾದರೂ ಅವಳನ್ನು ಬಿಡಿಸುವವರು ಬರಲಿಲ್ಲ. ನಾನು ನಿಲ್ಲಿಸಲಿಲ್ಲ. ಡ್ಯೂಟಿ ಮುಗಿಸಿ ಬಂದ ರಾಜ್ಯಲಕ್ಷ್ಮಿಯ ಯಜಮಾನರು ದಕ್ಷಿಣಾಮೂರ್ತಿಯವರು ಗೇಟಿನ ಹತ್ತಿರ ನಿಂತು, ಇವತ್ತು ನಮಗೆ ಕಾಫಿ ಉಂಟೋ, ಪ್ರಸಾದವೇ ಗತಿಯೋ ಅಂತ ಹೆಂಡತಿಯನ್ನು ಕೂಗಿ ಕೇಳಿದರು. ಇನ್ನು ನಾಲ್ಕೇ ಪುಟ, ಹಗ್ಗ ಬಿಚ್ಚುತ್ತಿದ್ದಾರೆ ಅಂತ ರಾಜ್ಯಲಕ್ಷ್ಮಿ ಒಳಗಿನಿಂದಲೇ ಕೂಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆನಂತೆ. ಕಮಲಾಕ್ಷಿ ಆಮೇಲೆ ಹೇಳಿದಳು.

ಇನ್ನು ಮುಖ್ಯ ವಿಷಯ.

ಸಂಕ್ರಾಂತಿ ಕಳೆದ ಮೇಲೆ ಚೀಲದಲ್ಲಿ ಕೈ ಹಾಕಿದಾಗ ಒಂದು ಪುಸ್ತಕ ಬಂತು. ಮುಖಪುಟ ಇತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಕೆಂಪು ಕೊಡೆ ಹಿಡಿದು ನಿಂತ ಹುಡುಗಿ. ನೋಡಿದ ಕೂಡಲೇ ಗುರುತು ಹತ್ತಿತು. ನಿನಗೂ ಹತ್ತಿರಬೇಕು. ಎಂಬತ್ತಾರರಲ್ಲಿ ಅಕ್ಕಿ ಡಬ್ಬದ ಹಿಂದೆ ನೀನು ಬಚ್ಚಿಟ್ಟಿದ್ದ ಪುಸ್ತಕ. ಅದರೊಳಗೆ ದುರ್ಗಾಪ್ರಸಾದರ ಕಾಗದ ಇತ್ತು. ಕಾಗದವನ್ನೂ ಪುಸ್ತಕವನ್ನೂ ಹಿತ್ತಲ ನೀರೊಲೆಗೆ ಹಾಕಿದೆ. ಇಂಥ ಹಾಳು ಪುಸ್ತಕ ಓದಿಯೇ ನೀನು ಕೆಟ್ಟೆ ಅಂದೆ. ಒಂದು ಸಾಲೂ ಓದಿರಲಿಲ್ಲ. ಕೆಂಪು ಕೊಡೆ ಎಲ್ಲಕ್ಕಿಂತ ಕೊನೆಗೆ ಸುಟ್ಟಿತು, ಅದು ನೆನಪಿದೆ. ಮುಂದಿನ ವರ್ಷ ನೀನು ಅವರನ್ನೇ ಮದುವೆಯಾಗಿ ವಿಜಯವಾಡಕ್ಕೆ ಹೊರಟುಹೋದೆ. ಐದು ವರ್ಷ ಈ ಮನೆಯಲ್ಲಿ ನಿನ್ನ ಹೆಸರು ಎತ್ತಗೊಡಲಿಲ್ಲ. ಎತ್ತಗೊಡದವಳು ನಾನು, ನಿಮ್ಮಪ್ಪ ಅಲ್ಲ.

ಆ ಪುಸ್ತಕವನ್ನೇ ಆರಿಸಿದೆ. ಮೊದಲು ಒಬ್ಬಳೇ ಓದಿದೆ. ಅದರಲ್ಲಿ ನಾನು ಅಂದುಕೊಂಡದ್ದು ಏನೂ ಇಲ್ಲ. ಮೊಣಕೈ ಕೂಡ ದಾಟುವುದಿಲ್ಲ. ಹುಡುಗಿ ಇಷ್ಟಪಟ್ಟವನ ಜೊತೆ ಹೋಗುತ್ತಾಳೆ. ವರ್ಷ ಕಳೆಯುತ್ತದೆ. ಅಪ್ಪ ಹಾಸಿಗೆ ಹಿಡಿಯುತ್ತಾನೆ, ಅವಳು ಬಂದಳೇ ಅಂತ ಕೇಳುತ್ತಾನೆ. ಅಲ್ಲಿಂದ ಮುಂದೆ ಹನ್ನೊಂದು ಪುಟ ಇದೆ. ಆ ಪುಟಗಳು ಕರಿಯಾಗಿರಲಿಲ್ಲ, ನೀರು ಬಿದ್ದು ಒಣಗಿ ಹಪ್ಪಳದ ಹಾಗೆ ಉಬ್ಬಿದ್ದವು. ಎಷ್ಟು ಜನ ಅತ್ತಿದ್ದಾರೋ. ನಾನು ಅಲ್ಲಿಗೇ ಮುಚ್ಚಿದೆ. ಪರವಾಗಿಲ್ಲ, ಓದಬಹುದು ಅಂತ ಎಲ್ಲರಿಗೂ ಹೇಳಿದೆ. ಪೂರ್ತಿ ಓದದೆ ಹಾಗೆ ಹೇಳಿದ್ದು ಅದೊಂದೇ ಪುಸ್ತಕಕ್ಕೆ.

ಮೂರು ಶನಿವಾರ ಓದಿದೆ. ಮೂರನೆಯ ವಾರ ಆ ಜಾಗ ಬಂತು. ಪುಟ ಕಣ್ಣ ಮುಂದೆಯೇ ಇದೆ, ಅಕ್ಷರ ಕಾಣುತ್ತಿದೆ, ನಾನು ಓದುತ್ತಿಲ್ಲ, ಬಾಯಿ ಬೇರೆ ಹೇಳುತ್ತಿದೆ. ಗಾಡಿ ಹೊತ್ತಿಗೆ ಸರಿಯಾಗಿ ಬಂತು ಅಂದೆ. ಮಗಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿ ಬಂದಳು ಅಂದೆ. ತಾಯಿ ಪಕ್ಕಕ್ಕೆ ಸರಿದು ಮಂಚದ ಹತ್ತಿರ ಜಾಗ ಬಿಟ್ಟಳು ಅಂದೆ. ಅಪ್ಪ ಮಗಳ ಕೈಯಿಂದ ಎರಡು ಗುಟುಕು ನೀರು ಕುಡಿದ, ಬಿಸಿಲಿನಲ್ಲಿ ಬಂದೆಯಾ ಮಗಳೇ ಅಂತ ಕೇಳಿದ ಅಂದೆ. ಪುಟ ಮಗುಚಬೇಕಾದಲ್ಲಿ ಮಗುಚಿದೆ. ಪುಸ್ತಕ ಮುಚ್ಚಿ ಮಂಗಳ ಹಾಡಿದೆ. ಪಾರ್ವತಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, ತಾಯಿ ಜಾಗಾ ಬಿಟ್ಟಳಲ್ರೀ, ಅದು ದೊಡ್ಡದು ನೋಡ್ರಿ ಅಂದಳು.

ಅವತ್ತು ರಾಜ್ಯಲಕ್ಷ್ಮಿ ಪುಸ್ತಕ ಮನೆಗೆ ಒಯ್ದಳು, ಅಕ್ಷರ ಕೂಡಿಸುವ ಅಭ್ಯಾಸಕ್ಕೆ. ಮೂರು ದಿನ ಬಿಟ್ಟು ತಂದುಕೊಟ್ಟಳು. ಅಡಿಗೆ ಮನೆ ಬಾಗಿಲಲ್ಲಿ ನಿಂತು, ಅಕ್ಕಯ್ಯಾ, ಇದರಲ್ಲಿ ಹಾಗೆ ಇಲ್ಲವಲ್ಲ ಅಂದಳು. ಸಾವಿನಲ್ಲಿ ಪುಸ್ತಕ ಮುಚ್ಚಬಾರದು ಕಣೇ, ಅದಕ್ಕೇ ಬೇರೆ ಹೇಳಿದೆ ಅಂದೆ. ಏನಿದೆ ಅಂತ ಹೇಳಬೇಡ ಅಂತಲೂ ಅಂದೆ. ನಾನು ಹುರುಳಿಕಾಯಿ ಸೋಸುತ್ತಿದ್ದೆ, ಸೋಸುತ್ತಲೇ ಇದ್ದೆ. ನೀವು ಹೇಳಿದ್ದೇ ಇರಲಿ ಬಿಡಿ, ಇವರಿಗೆಲ್ಲ ನಾನೇನೂ ಹೇಳುವುದಿಲ್ಲ ಅಂದು ಹೋದಳು. ಒಳ್ಳೆಯವಳು. ಆದರೆ ನನ್ನ ಉತ್ತರ ನನಗೇ ಸರಿಹೋಗಲಿಲ್ಲ. ಪುರಾಣದ ಕ್ರಮವನ್ನು ಅಡ್ಡ ಇಟ್ಟುಕೊಂಡು ನಾನು ಇನ್ನೊಂದು ಸಲ ಸುಳ್ಳು ಹೇಳಿದ ಹಾಗಾಯಿತು.

ಇನ್ನೊಂದು ಸಲ ಅಂದೆ. ಮೊದಲನೆಯದು ಈಗ ಹೇಳುತ್ತೇನೆ.

ನಿಮ್ಮಪ್ಪನಿಗೆ ಹುಷಾರಿಲ್ಲ ಅಂತ ನಾನು ಸೋಮವಾರ ಕೊಟ್ಟ ತಂತಿ ಗುರುವಾರ ನಿನ್ನ ಕೈ ಸೇರಿತು ಅಂತ ನೀನು ಇವತ್ತಿಗೂ ನಂಬಿದ್ದೀ. ತಂತಿ ಆಫೀಸಿನವರ ಮೇಲೆ ದೂರು ಬರೆಯುತ್ತೇನೆ, ಆ ತಂತಿಯ ಕಾಗದ ಕೊಡಿ ಅಂತ ಅವತ್ತು ಎಲ್ಲರ ಎದುರಿಗೆ ಹಟ ಹಿಡಿದೆ. ಅದು ಅಂಗಡಿಯಲ್ಲೇ ಎಲ್ಲೋ ಬಿದ್ದುಹೋಯಿತು, ಹೋಗಲಿ ಬಿಡು ಅಂತ ಅಳಿಯಂದಿರು ನಿನ್ನನ್ನು ಸುಮ್ಮನಾಗಿಸಿದರು. ತಂತಿ ಆಫೀಸಿನವರ ತಪ್ಪು ಏನೂ ಇಲ್ಲ. ಸೋಮವಾರ ನಾನು ತಂತಿ ಕೊಡಲೇ ಇಲ್ಲ.

ಸೋಮವಾರ ಸಾಯಂಕಾಲ ಆಸ್ಪತ್ರೆಯಲ್ಲಿ ನಿಮ್ಮಪ್ಪ ಕಣ್ಣು ಬಿಟ್ಟು, ಅನುಗೆ ತಂತಿ ಕೊಡು ಅಂದರು. ದಕ್ಷಿಣಾಮೂರ್ತಿಯವರು ಸ್ಕೂಟರಿನ ಕೀ ಹಿಡಿದು ವಿಳಾಸ ಕೇಳಿದರು. ನಾನಾಗಲೇ ಕೊಟ್ಟು ಬಂದೆ ಅಂದೆ. ಮಂಗಳವಾರ ಬೆಳಗ್ಗೆ, ಕೊಟ್ಟೆಯಾ ಅಂತ ಕೇಳಿದರು. ಕೊಟ್ಟಿದ್ದೇನೆ, ಬರುತ್ತಿದ್ದಾಳೆ ಅಂದೆ. ಸಾಯಂಕಾಲ, ಗಾಡಿ ಎಷ್ಟು ಹೊತ್ತಿಗೆ ಅಂತ ಕೇಳಿದರು. ಬುಧವಾರ ಏನೂ ಕೇಳಲಿಲ್ಲ. ನರ್ಸಮ್ಮ ಒಳಗೆ ಬಂದಾಗಲೆಲ್ಲ ಕತ್ತು ಎತ್ತಿ ಬಾಗಿಲ ಕಡೆ ನೋಡುತ್ತಿದ್ದರು. ಬೆಳಗ್ಗೆ ಹನ್ನೊಂದು ಗಂಟೆಗೆ ಹೋದರು.

ರಾಜ್ಯಲಕ್ಷ್ಮಿಯನ್ನು ಅವರ ಹತ್ತಿರ ಕೂರಿಸಿ ಎದುರಿನ ಪೋಸ್ಟಾಫೀಸಿಗೆ ಹೋಗಿ ಆಗ ತಂತಿ ಕೊಟ್ಟೆ. ತಂದೆಗೆ ಸೀರಿಯಸ್, ಕೂಡಲೇ ಹೊರಟು ಬಾ ಅಂತ ಬರೆಸಿದೆ. ಹೋದರು ಅಂತ ಬರೆಸುವ ಹಾಗಿರಲಿಲ್ಲ, ಸೋಮವಾರದ ಸುಳ್ಳು ನಿಲ್ಲಬೇಕಲ್ಲ. ಗುರುವಾರ ದೀಪ ಹಚ್ಚುವ ಹೊತ್ತಿಗೆ ನೀನು ಬಂದೆ, ಕೈಯಲ್ಲಿ ದುರ್ಗಮ್ಮನ ಕುಂಕುಮದ ಪೊಟ್ಟಣ. ಅಪ್ಪನ ಹಣೆಗೆ ಅಂತ ತಂದದ್ದು. ಅಷ್ಟು ದೂರ ಗಾಡಿಯಲ್ಲಿ ಅವರು ಇದ್ದಾರೆ ಅಂದುಕೊಂಡೇ ಬಂದೆ. ದಹನವಾಗಿ ಒಂದು ದಿನ ಕಳೆದಿತ್ತು.

ಯಾಕೆ ಹೀಗೆ ಮಾಡಿದೆ ಅಂತ ಬಹಳ ಯೋಚಿಸಿದ್ದೇನೆ. ನಿನ್ನ ಮದುವೆಯ ಸಿಟ್ಟು ಅಂದರೆ ಪೂರ್ತಿ ನಿಜವಲ್ಲ. ಎರಡು ದಿನದಿಂದ ಅವರ ಪಕ್ಕದಲ್ಲಿ ಕೂತವಳು ನಾನು. ಇಪ್ಪತ್ತೇಳು ವರ್ಷ ಬೇಯಿಸಿ ಹಾಕಿದವಳು ನಾನು. ಕಣ್ಣು ಬಿಟ್ಟು ಮೊದಲು ಕೇಳಿದ್ದು ನಿನ್ನನ್ನು. ಹತ್ತಿರ ಇರುವವಳು ಸಾಲದೆ ಅನ್ನಿಸಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ನಾಳೆ ಕೊಟ್ಟರಾಯಿತು ಅಂದುಕೊಂಡೆ. ನಾಳೆ ಅನ್ನುವುದು ಎರಡೇ ಇತ್ತು.

ಕ್ಷಮಿಸು ಅಂತ ಬರೆಯುವುದಿಲ್ಲ. ಆ ಮಾತು ಬರೆದರೆ ಒಳಗೆ ಏನಾದರೂ ಆಗಬೇಕು, ನನಗೆ ಏನೂ ಆಗುತ್ತಿಲ್ಲ. ಆಗದೆ ಬರೆದರೆ ಅದೂ ಒಂದು ಸುಳ್ಳು. ಆದದ್ದನ್ನು ಆದ ಹಾಗೆ ಬರೆದಿದ್ದೇನೆ, ಒಂದು ಸಾಲೂ ಬಿಟ್ಟಿಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ನೀನು ಸುಣ್ಣ ಹೊಡೆಸಿದ ಕೋಣೆ ಸೋಮವಾರ ತಂತಿ ಕೊಟ್ಟ ತಾಯಿಗೆ. ಅಂಥವಳು ಇಲ್ಲಿ ಇಲ್ಲ. ಇರುವವಳು ಇವಳು. ಇವಳಿಗೂ ಆ ಕೋಣೆ ಆಗುತ್ತದೆಯೋ ಅಂತ ನೀನು ಯೋಚಿಸು, ಅವಸರ ಮಾಡಬೇಡ. ಬೇಡ ಅನ್ನಿಸಿದರೆ ಊರಿನಲ್ಲಿ ನಿನ್ನ ಸೋದರಮಾವನ ಮನೆ ಇದೆ, ನನ್ನ ಹೊಟ್ಟೆ ಬಟ್ಟೆಗೆ ತೊಂದರೆಯಿಲ್ಲ. ಅಮ್ಮಮ್ಮ ಯಾವಾಗ ಬರುತ್ತಾಳೆ ಅಂತ ಮಗು ತೆಲುಗಿನಲ್ಲಿ ಕೇಳುತ್ತದೆ ಅಂತ ಬರೆದಿದ್ದೀ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಮಗುವಿಗೋಸ್ಕರ ಕರೆಯುವುದು ಬೇಡ.

ಕೆಂಪು ಕೊಡೆಯ ಪುಸ್ತಕವನ್ನು ಕಮಲಾಕ್ಷಿಯನ್ನು ಕೇಳಿ ಪಡೆದು, ಬೇರೆಯಾಗಿ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ನಾನು ಸುಟ್ಟದ್ದಕ್ಕೆ ಇದು ಬದಲು. ಓದುವುದನ್ನು ನಿಲ್ಲಿಸಿದ ಕಡೆ ಗುರುತಿಗೆ ಒಂದು ಕಾಗದ ಇಟ್ಟಿದ್ದೇನೆ. ಅಲ್ಲಿಂದ ಮುಂದಿನ ಹನ್ನೊಂದು ಪುಟ ನನಗೆ ಇನ್ನೂ ಗೊತ್ತಿಲ್ಲ. ನೀನು ಹತ್ತೊಂಬತ್ತನೇ ವಯಸ್ಸಿಗೇ ಓದಿದ್ದೀ. ಕರೆಯುವುದಾದರೆ, ನಾನು ಬಂದ ದಿನ ಅದನ್ನು ನೀನೇ ನನಗೆ ಓದಿ ಹೇಳಬೇಕು. ಇರುವ ಹಾಗೆ ಓದು.

ಇಂತಿ,
ನಿನ್ನ ಹೆತ್ತ
ಸೀತಾಲಕ್ಷ್ಮಿ

ಮರೆತಿದ್ದೆ: ಗುರುತಿಗೆ ಇಟ್ಟ ಕಾಗದ ಆ ತಂತಿಯೇ. ಅದು ಅಂಗಡಿಯಲ್ಲಿ ಬಿದ್ದುಹೋಗಿರಲಿಲ್ಲ. ತಂತಿಯ ಮೇಲೆ ಕೊಟ್ಟ ದಿನ, ಗಂಟೆ ಎಲ್ಲ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹದಿನೆಂಟನೇ ತಾರೀಕು, ಅಂದರೆ ಆ ಬುಧವಾರ, ಮಧ್ಯಾಹ್ನ ಹನ್ನೆರಡೂ ನಲವತ್ತು ಅಂತ ಇದೆ. ನಿಮ್ಮಪ್ಪ ಹೋದದ್ದು ಹನ್ನೊಂದಕ್ಕೆ ಅಂತ ಬಂದವರೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿದ ಕೂಡಲೇ ಅಳಿಯಂದಿರಿಗೆ ಎಲ್ಲ ತಿಳಿದಿರಬೇಕು. ವೈಕುಂಠ ಸಮಾರಾಧನೆ ಮುಗಿಸಿ ನೀವು ಹೊರಟ ದಿನ, ನೀನು ಮಗುವಿಗೆ ಸ್ವೆಟರ್ ಹಾಕುತ್ತಿದ್ದಾಗ, ಅವರು ನನ್ನ ಕಾಲಿಗೆ ಬಿದ್ದು ಎದ್ದು, ನಾಲ್ಕು ಮಡಿಕೆ ಮಾಡಿದ ಇದನ್ನು ನನ್ನ ಕೈಯಲ್ಲಿಟ್ಟರು. ಇದು ನಿಮ್ಮ ಹತ್ತಿರವೇ ಇರಲಿ ಅತ್ತಯ್ಯಗಾರೂ ಅಂದರು. ನಿನಗೂ ಹೇಳಿಲ್ಲ ಅಂತ ನಿನ್ನ ಕಾಗದಗಳನ್ನು ನೋಡಿದರೆ ಗೊತ್ತಾಗುತ್ತದೆ. ಯಾವ ಹುಡುಗನ ಕಾಗದವನ್ನು ನಾನು ಒಲೆಗೆ ಹಾಕಿದೆನೋ ಅವನು ನನ್ನ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಮುಚ್ಚಿಟ್ಟರು ಅಂತ ಅವರ ಮೇಲೆ ಸಿಟ್ಟಾಗಬೇಡ. ಉತ್ತರವನ್ನು ಕಾಗದದಲ್ಲೇ ಬರಿ, ತಂತಿ ಕೊಡಬೇಡ.